ಬಿಷಪ್ಪರ ಹೊಣೆಯೂ ಪ್ರಾಯಶ್ಚಿತ್ತವೂ

ಯಾವ ಧರ್ಮಸಂಸ್ಥೆಯಲ್ಲಿಯೇ ಆಗಲಿ, ಅಧಿಕಾರವು ಏರಿದಂತೆಲ್ಲ ಹೊಣೆಯೂ ಏರತಕ್ಕುದೆಂಬುದು ನಿರ್ವಿವಾದವಾದ ಮಾತು. ರೋಮನ್ ಕಥೋಲಿಕ ಧರ್ಮಸಭೆಯು ಈ ತತ್ತ್ವವನ್ನು ತನ್ನ ಬಿಷಪ್ಪರ ಲಾಂಛನದಲ್ಲಿಯೇ ತೋರಿಸಿರುವುದು. ಬಿಷಪ್ಪನು ಕೈಯಲ್ಲಿ ಹಿಡಿಯುವ ದಂಡವು ಕುರಿಗಾಹಿಯ ಕೋಲಿನ ಆಕಾರದ್ದು. ತನ್ನ ಪ್ರಾಂತ್ಯದ ಪಾದ್ರಿಗಳನ್ನು ನೇಮಿಸುವವನೂ ವರ್ಗಾಯಿಸುವವನೂ ಆತನೇ ಆದುದರಿಂದ, ಆ ಪಾದ್ರಿಗಳ ವಶಕ್ಕೆ ಒಪ್ಪಿಸಲ್ಪಟ್ಟ ಮಕ್ಕಳ ಕ್ಷೇಮಕ್ಕೂ ಆತನೇ ಜವಾಬುದಾರನು. ಈ ಜವಾಬುದಾರಿಯನ್ನು ಅನೇಕ ದೇಶಗಳ ಬಿಷಪ್ಪರು ಹೇಗೆ ನಿರ್ವಹಿಸಿದರೆಂಬುದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬಯಲಿಗೆ ಬಂದಿತು. ಬೇಲಿಯೇ ಎದ್ದು ಹೊಲವನ್ನು ಮೇಯ್ದುದು ಒಂದು ಅನರ್ಥ. ಮೇಯುವುದನ್ನು ಕಂಡ ಕಾವಲುಗಾರನು ಆ ಬೇಲಿಯನ್ನು ಕಿತ್ತು ಮತ್ತೊಂದು ಹೊಲಕ್ಕೆ ನಟ್ಟುದು ಅದಕ್ಕಿಂತಲೂ ದೊಡ್ಡ ಅನರ್ಥ.

ಅಮೆರಿಕೆಯ ಬಾಸ್ಟನ್ ನಗರದ ವೃತ್ತಾಂತವು ಇದಕ್ಕೆ ಸಾಕ್ಷಿ. ಅಲ್ಲಿ ಜಾನ್ ಗೇಗನ್ ಎಂಬ ಪಾದ್ರಿಯಿಂದ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದೆವೆಂದು 130ಕ್ಕೂ ಮಿಕ್ಕ ಜನರು ಮುಂದೆ ಬಂದು ಹೇಳಿದರು. ತನ್ನ ಬಂಧುವರ್ಗದ ಏಳು ಮಂದಿ ಬಾಲಕರು ಈತನಿಂದ ಕೆಟ್ಟರೆಂದು ಒಬ್ಬ ಹೆಂಗಸು 1982ರಲ್ಲಿಯೇ ಆಗಿನ ಕಾರ್ಡಿನಲರಿಗೆ ಪತ್ರವನ್ನು ಬರೆದಿದ್ದಳು. 1984ರಲ್ಲಿ ಬರ್ನಾರ್ಡ್ ಲಾ ಅವರು ಅಲ್ಲಿನ ಆರ್ಚ್‌ಬಿಷಪ್ಪರಾಗಿ ಬಂದರು. ಅದೇ ವರ್ಷ ಗೇಗನ್‌ನನ್ನು ಮತ್ತೊಂದು ಚರ್ಚಿಗೆ ವರ್ಗಾಯಿಸಲಾಯಿತು. ಈ ನೇಮಕವು ತಕ್ಕುದಲ್ಲವೆಂದು ಲಾ ಅವರ ಸಹಾಯಕ ಬಿಷಪ್ಪರೊಬ್ಬರು ಅದೇ ಡಿಸೆಂಬರಿನಲ್ಲಿ ಲಿಖಿತವಾಗಿ ಎಚ್ಚರಿಸಿದರು. ಆ ಎಚ್ಚರಿಕೆಗೆ ಬೆಲೆ ಸಿಕ್ಕಲಿಲ್ಲ. ಕಡೆಗೆ, ಮುಚ್ಚಿದ್ದ ಕಾಗದಪತ್ರಗಳು ನ್ಯಾಯಾಲಯದ ಆಜ್ಞೆಯಿಂದ ತೆರೆದ ಮೇಲೆ, 2002ರ ಜನವರಿಯಲ್ಲಿ 'ಬಾಸ್ಟನ್ ಗ್ಲೋಬ್' ಪತ್ರಿಕೆಯು ಎಲ್ಲವನ್ನೂ ಪ್ರಕಟಿಸಿತು. ಲಾ ಅವರು ಆ ಡಿಸೆಂಬರಿನಲ್ಲಿ ಪದತ್ಯಾಗ ಮಾಡಿದರು. ಆ ಪ್ರಾಂತ್ಯದಲ್ಲಿ ಕನಿಷ್ಠಪಕ್ಷ 789 ಮಂದಿ ದೂರು ಕೊಟ್ಟಿದ್ದರೆಂದು ರಾಜ್ಯದ ಅಟಾರ್ನಿ ಜನರಲರು 2003ರಲ್ಲಿ ವರದಿ ಮಾಡಿದರು. ಆದರೆ ಮರುವರ್ಷವೇ ರೋಮ್ ನಗರದ ಸಂತ ಮೇರಿಯ ಮಹಾದೇವಾಲಯದ ಮುಖ್ಯಸ್ಥಾನವು ಲಾ ಅವರಿಗೆ ದೊರೆಯಿತು. 2005ರಲ್ಲಿ ಹೊಸ ಪೋಪರನ್ನು ಆರಿಸುವಾಗ ಅವರೂ ಮತ ನೀಡಿದರು. ಹಿಂಡನ್ನು ಕಾಯದವನಿಗೆ ಹೀಗೆ ಮಣೆ ಹಾಕಿದರೆ, ಕಾಯುವವನಿಗೆ ಉತ್ಸಾಹವು ಎಲ್ಲಿಂದ ಬರಬೇಕು?

ಬಾಸ್ಟನ್ನಿನ ಕಥೆಯು ಒಂಟಿಯಾದುದಾಗಿದ್ದರೆ ಅದನ್ನು ಒಬ್ಬ ಕಾರ್ಡಿನಲರ ಲೋಪವೆಂದು ಬಿಟ್ಟುಬಿಡಬಹುದಾಗಿದ್ದಿತು. ಐರ್ಲೆಂಡಿನಲ್ಲಿ 2009ರಲ್ಲಿ ಹೊರಟ ಮರ್ಫಿ ವರದಿಯು, ಡಬ್ಲಿನ್ನಿನ ಧರ್ಮಾಧಿಕಾರಿಗಳಿಗೆ ಗುಟ್ಟು, ಮಾನ, ಆಸ್ತಿ ಇವುಗಳ ಚಿಂತೆಯೇ ಮೊದಲಾಗಿ, ಮಕ್ಕಳ ಹಿತವು ಹಿಂದುಳಿಯಿತೆಂದು ತೀರ್ಮಾನಿಸಿತು. 2018ರ ಆಗಸ್ಟಿನಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾ ಸಂಸ್ಥಾನದ ಗ್ರ್ಯಾಂಡ್ ಜ್ಯೂರಿಯು ಆರು ಧರ್ಮಪ್ರಾಂತ್ಯಗಳನ್ನು ಪರಿಶೀಲಿಸಿ, 300 ಪಾದ್ರಿಗಳಿಗೂ 1,000ಕ್ಕೂ ಹೆಚ್ಚು ಮಕ್ಕಳಿಗೂ ಸಂಬಂಧಪಟ್ಟ ದಾಖಲೆಗಳನ್ನು ಹೊರಗೆಡವಿತು. ಫ್ರಾನ್ಸಿನ ಬಿಷಪ್ಪರು ತಾವೇ ಕೋರಿ ನೇಮಿಸಿದ ಸ್ವತಂತ್ರ ಆಯೋಗವು, 1950ರಿಂದೀಚೆಗೆ ಪಾದ್ರಿಗಳಿಂದಲೂ ಸಂನ್ಯಾಸಿಗಳಿಂದಲೂ ಪೀಡಿತರಾದ ಮಕ್ಕಳ ಸಂಖ್ಯೆಯನ್ನು ಸುಮಾರು 2,16,000 ಎಂದು 2021ರಲ್ಲಿ ಅಂದಾಜು ಮಾಡಿತು. ಭಾಷೆ ಬೇರೆ, ದೇಶ ಬೇರೆ. ಮೇಲಧಿಕಾರಿಯ ನಡತೆ ಮಾತ್ರ ಒಂದೇ.

ಇದಕ್ಕೆ ಹೇಳುವ ಸಮಾಧಾನಗಳು ಮೂರು. ಇವೆಲ್ಲ ಧರ್ಮದ್ವೇಷಿಗಳ ಅಪಪ್ರಚಾರವೆಂಬುದು ಮೊದಲನೆಯದು. ಆದರೆ ದೂರು ಕೊಟ್ಟವರಲ್ಲಿ ಬಹುಮಂದಿ ಆ ಸಭೆಯ ಮಡಿಲಲ್ಲಿಯೇ ಬೆಳೆದ ಮಕ್ಕಳು. ಮೊದಲು ಪತ್ರ ಬರೆದ ತಾಯಂದಿರು ಪತ್ರಿಕೆಗೆ ಬರೆಯದೆ ಬಿಷಪ್ಪರಿಗೇ ಬರೆದರು. ಅವರಲ್ಲಿ ಇದ್ದುದು ದ್ವೇಷವೆಂದು ಯಾರು ತಾನೆ ಹೇಳಿಯಾರು? ಶಾಲೆಗಳಲ್ಲಿ, ಮನೆಗಳಲ್ಲಿ ಇಂಥ ಪಾಪಗಳು ನಡೆಯುವುದಿಲ್ಲವೆ ಎಂಬುದು ಎರಡನೆಯದು. ನಡೆಯುವುದುಂಟು, ಆದರೆ ದೇವರ ಹೆಸರಿನಲ್ಲಿ ಕೈಮುಗಿಸಿಕೊಳ್ಳುವವನು ಇತರರ ತಪ್ಪನ್ನು ತನಗೆ ಮರೆಯಾಗಿ ಹಿಡಿಯಕೂಡದು. ಪಾದ್ರಿಗಳಲ್ಲಿ ಬಹುಪಾಲು ಸಜ್ಜನರೆಂಬುದು ಮೂರನೆಯದು. ಇದು ಸತ್ಯವೇ. ಅಮೆರಿಕೆಯಲ್ಲಿ 1950ರಿಂದ 2002ರ ವರೆಗೆ ಆರೋಪಕ್ಕೆ ಗುರಿಯಾದ ಪಾದ್ರಿಗಳು 4,392, ಎಂದರೆ ನೂರಕ್ಕೆ ಸುಮಾರು ನಾಲ್ವರು, ಎಂದು 2004ರ ಜಾನ್ ಜೇ ವರದಿಯು ತಿಳಿಸುವುದು. ಆದರೆ ಈ ಮಾತಿನಿಂದಲೇ ಬಿಷಪ್ಪರ ಅಪರಾಧವು ಇಮ್ಮಡಿಯಾಗುವುದು. ಕೆಲವರನ್ನು ಕಾಪಾಡುವುದಕ್ಕಾಗಿ ಅವರು ನಿರ್ದೋಷಿಗಳಾದ ಸಾವಿರಾರು ಪಾದ್ರಿಗಳ ಮೇಲೆಯೂ ಸಂಶಯದ ನೆರಳು ಬೀಳುವಂತೆ ಮಾಡಿದರಷ್ಟೆ.

ಸುಧಾರಣೆಯ ಪ್ರಯತ್ನಗಳು ನಡೆದೇ ಇಲ್ಲವೆಂದರೆ ಅನ್ಯಾಯವಾದೀತು. ಆದರೆ ಅವು ಬಿಷಪ್ಪನ ಪೀಠದ ಬಳಿಗೆ ಬಂದಾಗಲೆಲ್ಲ ಕುಂಟಿದುವು. 2002ರಲ್ಲಿ ಅಮೆರಿಕೆಯ ಬಿಷಪ್ಪರು ಡಲ್ಲಾಸಿನಲ್ಲಿ ಸೇರಿ ಕಠಿನವಾದ ಕಟ್ಟಳೆಗಳನ್ನು ಮಾಡಿದರು; ಅವು ಪಾದ್ರಿಗಳಿಗೂ ಡೀಕನರಿಗೂ ಅನ್ವಯಿಸಿದುವೇ ಹೊರತು ಕಟ್ಟಳೆ ಮಾಡಿದವರಿಗೆ ಅನ್ವಯಿಸಲಿಲ್ಲ. ಅಲಕ್ಷ್ಯ ತೋರಿದ ಬಿಷಪ್ಪರನ್ನು ವಿಚಾರಿಸಲು ನ್ಯಾಯಪೀಠವೊಂದನ್ನು ಸ್ಥಾಪಿಸುವುದಾಗಿ ರೋಮ್ ನಗರವು 2015ರಲ್ಲಿ ಸಾರಿತು. ಆ ಪೀಠವು ಹುಟ್ಟಲೇ ಇಲ್ಲ. ಬಾಲ್ಯದಲ್ಲಿ ತಾನೇ ಪೀಡಿತೆಯಾಗಿದ್ದ ಐರ್ಲೆಂಡಿನ ಮೇರಿ ಕಾಲಿನ್ಸರು ಪೋಪರ ಆಯೋಗದ ಸದಸ್ಯತ್ವವನ್ನು 2017ರಲ್ಲಿ ತ್ಯಜಿಸಿದುದಕ್ಕೆ ಇಂಥ ಅಡ್ಡಿಗಳೇ ಕಾರಣ. 2019ರಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿ, 2023ರಲ್ಲಿ ಶಾಶ್ವತಗೊಳಿಸಿದ ನಿಬಂಧನೆಯು ಬಿಷಪ್ಪರನ್ನೂ ವಿಚಾರಣೆಗೆ ಒಳಪಡಿಸುವುದು ನಿಜ. ಆದರೂ ಅದರಂತೆ ಒಬ್ಬ ಬಿಷಪ್ಪನನ್ನು ಸಾಮಾನ್ಯವಾಗಿ ವಿಚಾರಿಸುವವನು ಮತ್ತೊಬ್ಬ ಆರ್ಚ್‌ಬಿಷಪ್ಪನೇ. ಒಬ್ಬರು ರಾಜೀನಾಮೆ ಕೊಟ್ಟರೆಂದು ಒಂದು ಸಾಲಿನ ಪ್ರಕಟಣೆ ಹೊರಡುವುದು. ಏಕೆ ಕೊಟ್ಟರೆಂಬುದು ಅನೇಕ ವೇಳೆ ಹಿಂಡಿಗೆ ತಿಳಿಯುವುದೇ ಇಲ್ಲ.

ಇನ್ನು ಆತ್ಮಶುದ್ಧಿಯ ವಿಚಾರ. 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಐರ್ಲೆಂಡಿನ ಕಥೋಲಿಕರಿಗೆ ಬರೆದ ಪತ್ರದಲ್ಲಿ ಬಿಷಪ್ಪರ ತಪ್ಪನ್ನು ಎತ್ತಿ ಆಡಿದರೂ, ಒಂದು ವರ್ಷ ಕಾಲ ಶುಕ್ರವಾರಗಳ ತಪಸ್ಸನ್ನು ಇದಕ್ಕಾಗಿ ಅರ್ಪಿಸಿರೆಂದು ಕೇಳಿದುದು ಎಲ್ಲ ವಿಶ್ವಾಸಿಗಳನ್ನು. 2018ರಲ್ಲಿ ಪೋಪ್ ಫ್ರಾನ್ಸಿಸರೂ ಸಮಸ್ತ ದೇವಜನರಿಗೆ ಉಪವಾಸ ಪ್ರಾರ್ಥನೆಗಳನ್ನು ವಿಧಿಸಿದರು. ಪ್ರಾರ್ಥನೆಯು ಒಳ್ಳೆಯದೇ. ಆದರೆ ಮಗನನ್ನು ಕಳೆದುಕೊಂಡಂತಾದ ತಾಯಿಯೂ ಉಪವಾಸವಿರಬೇಕೆಂದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗದೆ? ಆ ಸಭೆಯ ಉಪದೇಶದಂತೆ ಪಾಪಿಗೆ ವಿಧಿಸಿರುವ ಕ್ರಮವೇ ಬೇರೆ: ಮನಸ್ಸಿನಲ್ಲಿ ಪಶ್ಚಾತ್ತಾಪ, ಬಾಯಿಂದ ಪಾಪನಿವೇದನೆ, ಕ್ರಿಯೆಯಿಂದ ಪ್ರಾಯಶ್ಚಿತ್ತ. ಹಳ್ಳಿಯ ಬಡ ರೈತನು ಒಂದು ಸುಳ್ಳಾಡಿದರೂ ಈ ಮೂರನ್ನೂ ಮಾಡತಕ್ಕುದು. ತಾನು ಮಾಡಿದೆನೆಂದು ಹೇಳತಕ್ಕುದು. "ತಪ್ಪುಗಳು ನಡೆದುವು" ಎಂದು ಕರ್ತೃಪದವನ್ನು ನುಂಗಿ ಹೇಳುವ ನಿವೇದನೆಯನ್ನು ಯಾವ ಪಾದ್ರಿಯೂ ಅವನಿಂದ ಅಂಗೀಕರಿಸನು. ರೈತನಿಗೆ ಇರುವ ವಿಧಿಯು ಬಿಷಪ್ಪನಿಗೆ ಏಕಿಲ್ಲ?

ಹೀಗೆ ನಿವೇದಿಸುವುದು ಅಸಾಧ್ಯವೂ ಅಲ್ಲ. ಚಿಲಿ ದೇಶದಲ್ಲಿ 2018ರ ಜನವರಿಯಲ್ಲಿ ಒಬ್ಬ ಬಿಷಪ್ಪನ ಪರವಾಗಿ ನಿಂತು, ಆರೋಪಗಳನ್ನು ಮಿಥ್ಯಾಪವಾದವೆಂದ ಪೋಪ್ ಫ್ರಾನ್ಸಿಸರು, ವಿಚಾರಣೆ ಮಾಡಿಸಿದ ಬಳಿಕ ಏಪ್ರಿಲಿನಲ್ಲಿ ತಾವೇ ಘೋರವಾಗಿ ತಪ್ಪಿದೆವೆಂದು ಬರೆದು ಕ್ಷಮೆ ಬೇಡಿದರು. ಮೇ ತಿಂಗಳಿನಲ್ಲಿ ಆ ದೇಶದ ಬಿಷಪ್ಪರೆಲ್ಲರೂ ರಾಜೀನಾಮೆಗಳನ್ನು ಒಪ್ಪಿಸಿದರು. ವಾಷಿಂಗ್ಟನ್ನಿನ ಮಾಜಿ ಕಾರ್ಡಿನಲ್ ಮೆಕ್ಯಾರಿಕರನ್ನು 2019ರಲ್ಲಿ ಪಾದ್ರಿಪದವಿಯಿಂದಲೇ ತೆಗೆದುಹಾಕಿ, ಮುನ್ನೆಚ್ಚರಿಕೆಗಳಿದ್ದರೂ ಅವರು ಮೇಲೇರಿದ ಬಗೆಯನ್ನು ರೋಮ್ ನಗರವು 2020ರಲ್ಲಿ ವಿಸ್ತಾರವಾಗಿ ತಾನೇ ಅಚ್ಚುಹಾಕಿಸಿತು. ಇವುಗಳಿಂದ ಧರ್ಮಸಭೆಯು ಕುಸಿದುಬೀಳಲಿಲ್ಲ. ಒಮ್ಮೆ ಸಾಧ್ಯವಾದುದನ್ನು ವಿಧಿಯನ್ನಾಗಿ ಮಾಡಲು ತಡೆಯೇನು?

ದೋಷವನ್ನು ಮುಚ್ಚಿದ ಬಿಷಪ್ಪನನ್ನು ಪೀಠದಿಂದಿಳಿಸಿ ಕಾರಣವನ್ನು ಹೆಸರುಸಹಿತ ಪ್ರಕಟಿಸತಕ್ಕುದು. ಕಾಗದಪತ್ರಗಳನ್ನು ಕೇಳದೆಯೇ ರಾಜ್ಯದ ನ್ಯಾಯಾಲಯಕ್ಕೆ ಒಪ್ಪಿಸತಕ್ಕುದು. ವಿಚಾರಣೆಯಲ್ಲಿ ಪಾದ್ರಿಗಳಲ್ಲದ ಗೃಹಸ್ಥರೂ ಸ್ತ್ರೀಯರೂ ಅಧಿಕಾರಪೂರ್ವಕವಾಗಿ ಕುಳಿತುಕೊಳ್ಳತಕ್ಕುದು. ಇದು ಹೊಸಕಾಲದವರು ಹೊರಗಿನಿಂದ ತಂದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. 1049ರ ಸುಮಾರಿಗೆ ಪೀಟರ್ ಡೇಮಿಯನ್ ಎಂಬ ಸಂನ್ಯಾಸಿಯು ಪಾದ್ರಿಗಳ ದುರಾಚಾರವನ್ನೂ ಅದನ್ನು ಸೈರಿಸಿದ ಮೇಲಧಿಕಾರಿಗಳನ್ನೂ ಖಂಡಿಸಿ ಒಂದು ಗ್ರಂಥವನ್ನು ಬರೆದು ಒಂಬತ್ತನೆಯ ಲಿಯೋ ಎಂಬ ಪೋಪರಿಗೆ ಅರ್ಪಿಸಿದನು. ಧರ್ಮಸಭೆಯು ಅವನನ್ನು ದ್ರೋಹಿಯೆನ್ನದೆ ಸಂತನೆಂದು ಪೂಜಿಸುತ್ತಿದೆ; 1828ರಲ್ಲಿ ಅವನಿಗೆ ಧರ್ಮಾಚಾರ್ಯ ಬಿರುದನ್ನೂ ಇತ್ತಿತು. 2025ರಲ್ಲಿ ಹದಿನಾಲ್ಕನೆಯ ಲಿಯೋ ಎಂಬ ಪೋಪರು ಅದೇ ಪೀಠವನ್ನು ಏರಿರುವರು. ಸಾವಿರ ವರ್ಷಗಳ ಹಿಂದಿನ ಆ ಬಿನ್ನಹಕ್ಕೆ ಪೂರ್ಣವಾದ ಉತ್ತರವು ಇನ್ನೂ ಬಾಕಿ ಇರುವುದು. ಕೇಳಿಸಿಕೊಳ್ಳಬೇಕಾದ ಮಕ್ಕಳು ಅನೇಕರು ಮುದುಕರಾಗುತ್ತಿರುವರು.