ಹೊಲಿದವರ ಹೆಸರೂ ಹೊಸಪೇಟೆಯಲ್ಲಿ ಉಳಿಯಲಿ

2023ರ ಜುಲೈ 10ರಂದು ಹಂಪಿಯಲ್ಲಿ ಗಿನ್ನೆಸ್ ದಾಖಲೆಯೊಂದು ನಿರ್ಮಾಣವಾಯಿತು. ಜಿ20 ಸಂಸ್ಕೃತಿ ಕಾರ್ಯಗುಂಪಿನ ಸಭೆಗೆ ಬಂದಿದ್ದ ಪ್ರತಿನಿಧಿಗಳಿಗಾಗಿ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಂದೇ ಕಡೆ ಪ್ರದರ್ಶನಕ್ಕೆ ಇಡಲಾಗಿತ್ತು. ಅದರ ಹಿಂದೆ ಇದ್ದವರು ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು.

ವಸ್ತುಗಳಿಗೆ ಬಿಡಿಬಿಡಿ ಲೆಕ್ಕ ಸಿಕ್ಕಿತು, ಹೊಲಿದವರಿಗೆ ಅಂದಾಜು. ಕೊರತೆ ಇರುವುದು ಇಲ್ಲೇ.

ಈ ಕೆಲಸ ಎಂಥದೆಂದು ತಿಳಿಯಲು ಲಂಬಾಣಿ ಹೆಣ್ಣುಮಕ್ಕಳು ತೊಡುವ ಕುಪ್ಪಸ, ಅಂದರೆ ಒಂದು ಕಾಂಚಳಿಯನ್ನು ಕೈಗೆತ್ತಿಕೊಂಡು ನೋಡಬೇಕು. ಪುಟ್ಟ ಕನ್ನಡಿಯನ್ನು ಬಟ್ಟೆಗೆ ಅಂಟಿಸಿರುವುದಿಲ್ಲ, ಅಂಚಿನ ಸುತ್ತ ದಾರ ಬಿಗಿದು ಕೂರಿಸಿರುತ್ತಾರೆ. ಪಕ್ಕದಲ್ಲಿ ಕವಡೆ, ಮಣಿ, ನಾಣ್ಯ. ಕಿಲನ್, ವೇಲೆ, ಮಾಕಿ ಎಂದು ಒಂದೊಂದು ಹೊಲಿಗೆಗೂ ಒಂದೊಂದು ಹೆಸರು. ತಾಯಿಯ ಮಗ್ಗುಲಲ್ಲಿ ಕೂತು ಮಗಳು ಕಲಿಯುತ್ತ ಬಂದ ಈ ವಿದ್ಯೆಗೆ 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ ಎಂದು ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು.

ಲಂಬಾಣಿಗಳ ಕೊಡುಗೆ ಕಸೂತಿಯೊಂದೇ ಅಲ್ಲ. ರೈಲು ಬರುವ ಮುಂಚೆ ದಖ್ಖನಿನ ದವಸ, ಉಪ್ಪು ಊರಿಂದೂರಿಗೆ ಸಾಗುತ್ತಿದ್ದುದು ಅವರ ಹೇರೆತ್ತುಗಳ ಮೇಲೆ. ಸೈನ್ಯಗಳಿಗೆ ಕಾಳುಕಡಿ ಮುಟ್ಟಿಸಿದವರೂ ಅವರೇ. ರೈಲು ಆ ದುಡಿಮೆಯನ್ನು ಕಸಿದುಕೊಂಡಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಬಳಿಕ ಹಲವು ಕಡೆ ಇಡೀ ಸಮುದಾಯಕ್ಕೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿದರು. ನಾಡಿನ ಅನ್ನ ಹೊತ್ತವರಿಗೆ ಸಂದದ್ದು ಇದು.

ಅಮೆರಿಕದ ಕಪ್ಪು ಜನರ ಚರಿತ್ರೆಯನ್ನೂ ಹೀಗೇ ಮರೆಗೆ ಸರಿಸಲಾಗಿತ್ತು. ಅದನ್ನು ನೆನೆಯಲೆಂದು ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ 1926ರಲ್ಲಿ ಒಂದು ವಾರವನ್ನು ಮೀಸಲಿಟ್ಟರು. 1976ರಲ್ಲಿ ಅದು ಇಡೀ ಫೆಬ್ರುವರಿ ತಿಂಗಳಿನ ಆಚರಣೆಯಾಯಿತು. ಇಂದು ಅಲ್ಲಿನ ಅನೇಕ ನಗರಗಳು ತಮ್ಮೂರಿನ ಕಪ್ಪು ಜನರ ಕೊಡುಗೆಯನ್ನು ಹೆಸರು ಹಿಡಿದು ಸ್ಮರಿಸುತ್ತವೆ.

ಹೊಸಪೇಟೆಯೂ ಆ ಕೆಲಸ ಮಾಡಬಹುದು. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೆ ಲಂಬಾಣಿಗಳ ಊರುಗಳಾದ ತಾಂಡಾಗಳ ನೆಂಟಸ್ತನಕ್ಕೆ ಜಿಲ್ಲೆಯ ಗಡಿ ಅಡ್ಡ ಬರುವುದಿಲ್ಲ. ಹಂಪಿ ನೋಡಲು ರೈಲಿನಲ್ಲಿ ಬರುವವರು ಇಳಿಯುವುದು ಹೊಸಪೇಟೆಯಲ್ಲಿ. ಎರಡೂ ಜಿಲ್ಲಾಡಳಿತಗಳು ಕೈಜೋಡಿಸಿ ಅಲ್ಲೊಂದು ಕಾಯಂ ಲಂಬಾಣಿ ಕಸೂತಿ ಪ್ರದರ್ಶನ ನಡೆಸಲಿ. ಪ್ರತಿ ಬಟ್ಟೆಯ ಕೆಳಗೆ, ಹೊಲಿದಾಕೆ ಒಪ್ಪಿದರೆ, ಆಕೆಯ ಹೆಸರು ಮತ್ತು ತಾಂಡಾದ ಹೆಸರು ಇರಲಿ. ಸಂಡೂರು, ಕಂಪ್ಲಿಯ ಶಾಲಾ ಮಕ್ಕಳನ್ನು ಕರೆತಂದು, ಗೌರವಧನ ಕೊಟ್ಟು, ಆ ಹೆಣ್ಣುಮಕ್ಕಳಿಂದಲೇ ಪಾಠ ಹೇಳಿಸಲಿ. 2023ರ ದಾಖಲೆಗೆ ದುಡಿದವರ ಪೂರ್ತಿ ಪಟ್ಟಿಯನ್ನು ಬಾಗಿಲಲ್ಲೇ ಹಾಕಿ ಈ ಕೆಲಸ ಶುರುಮಾಡಲಿ.