ಸಂತ ವಾಜ್, ವಾಟ್ಸಪ್ ಗುಂಪು ಮತ್ತು ನನ್ನ ಸಿಟ್ಟು

ಇದನ್ನ ಸ್ವಲ್ಪ ಸಿಟ್ಟಲ್ಲೇ ಬರೀತಾ ಇದ್ದೀನಿ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಮೂರು ದಿನ ಕಾದೆ, ಇಳೀಲಿಲ್ಲ.

ಅಪ್ಪನದು ವರ್ಗಾವಣೆಯ ನೌಕರಿ. ಹಾಗಾಗಿ ನನ್ನ ಪ್ರೈಮರಿ ಅಜ್ಜಂಪುರದಲ್ಲಿ, ಹೈಸ್ಕೂಲು ತರೀಕೆರೆಯಲ್ಲಿ, ಪಿಯುಸಿ ಕಡೂರಿನಲ್ಲಿ ಮುಗೀತು. ಆಮೇಲೆ ಇಂಜಿನಿಯರಿಂಗು, ಆಮೇಲೆ ಎಲ್ಲರ ಹಾಗೆ ಬೆಂಗಳೂರು, ಕೋಡು, ಡೆಡ್‌ಲೈನು. ಈಗ ಊರಿನ ನಂಟು ಅಂತ ಉಳಿದಿರೋದು ತಿಂಗಳಿಗೊಮ್ಮೆ ಕಡೂರಿಗೆ ಹತ್ತುವ ರೈಲು ಮತ್ತು ತರೀಕೆರೆ ಹೈಸ್ಕೂಲಿನ ಗೆಳೆಯರ ವಾಟ್ಸಪ್ ಗುಂಪು. ದಿನಾ ಬೆಳಗ್ಗೆ ಗುಡ್ ಮಾರ್ನಿಂಗು, ಹಬ್ಬಕ್ಕೊಂದು ಶುಭಾಶಯ, ಅಡಿಕೆ ರೇಟು. ಅಷ್ಟೇ.

ಜನವರಿ 16ಕ್ಕೆ ನಮ್ಮ ಗುಂಪಿನ ಒಬ್ಬ ಗೆಳೆಯ ಒಂದು ಫೋಟೋ ಹಾಕಿದ. ಅವನ ತಾತ ಮಂಗಳೂರಿನ ಕಡೆಯಿಂದ ಲಿಂಗದಹಳ್ಳಿ ಕಡೆಯ ಕಾಫಿ ತೋಟದ ಕೆಲಸಕ್ಕೆ ಅಂತ ಘಟ್ಟ ಹತ್ತಿ ಬಂದವರು. ಅವತ್ತು ಸಂತ ಜೋಸೆಫ್ ವಾಜ್ ಅವರ ಹಬ್ಬ. ಮನೆಯವರೆಲ್ಲ ಮಂಗಳೂರು ಹತ್ತಿರದ ಮುಡಿಪು ಗುಡ್ಡಕ್ಕೆ ಹೋಗಿದ್ದರಂತೆ. ಹತ್ತು ನಿಮಿಷ ಆಗಿಲ್ಲ, ಇನ್ನೊಬ್ಬ ಒಂದು ಫಾರ್ವರ್ಡ್ ಎಸೆದ: ಕತ್ತಿ ಹಿಡಿದು ಬಂದ ಪೋರ್ಚುಗೀಸ್ ಪಾದ್ರಿ, ಪರಂಗಿಗಳ ಏಜೆಂಟು, ಇಂಥವನಿಗೆ ನಮ್ಮ ನೆಲದಲ್ಲಿ ಜಾತ್ರೆಯಾ... ಆ ಧಾಟಿ. ಗೆಳೆಯನೂ ಸುಮ್ಮನಿರಲಿಲ್ಲ. ಮುಡಿಪಿನ ಬಂಡೆಯಲ್ಲಿ ಮೂರು ಚಿಲುಮೆ ಉಕ್ಕಿಸಿದವರು ಇವರು, ಬರಗಾಲದಲ್ಲಿ ಮಳೆ ತರಿಸಿದವರು ಇವರು, ನಿಮಗೇನು ಗೊತ್ತು ಅಂದ. ಆಮೇಲೆ ನಗುವ ಇಮೋಜಿಗಳ ಮಳೆ. ಆಮೇಲೆ ಅವನು ಗುಂಪು ಬಿಟ್ಟ.

ನಾನು? ಎಲ್ಲ ಓದಿ, ಫೋನು ತಿರುಗಿಸಿಟ್ಟು ಮೀಟಿಂಗಿಗೆ ಹೋದೆ.

ಈಗ ಮಾತಾಡ್ತೀನಿ. ಇಬ್ಬರಿಗೂ.

ಮೊದಲು ಫಾರ್ವರ್ಡ್ ವೀರನಿಗೆ. ಜೋಸೆಫ್ ವಾಜ್ ಪೋರ್ಚುಗೀಸನಲ್ಲ ಮಾರಾಯ. ಹುಟ್ಟಿದ್ದು 1651ರ ಏಪ್ರಿಲ್ 21, ಗೋವಾದ ಬೆಣಾವ್ಲಿಯಲ್ಲಿ. ಮನೆಮಾತು ಕೊಂಕಣಿ. ಹಿಂದೆ ಮತಾಂತರವಾದ ಬ್ರಾಹ್ಮಣ ಮನೆತನ. ಕರಾವಳಿಗೆ ಬಂದಿದ್ದು 1681ರಲ್ಲಿ. ಆಗ ಕರಾವಳಿ ಯಾರದ್ದು? ಕೆಳದಿಯವರದ್ದು. ಗಂಗೊಳ್ಳಿ, ಬಸ್ರೂರು, ಹೊನ್ನಾವರದಲ್ಲಿ ಪೋರ್ಚುಗೀಸರ ಕೋಟೆಗಳನ್ನ ಶಿವಪ್ಪನಾಯಕ 1650ರ ದಶಕದಲ್ಲೇ ಕಿತ್ತುಕೊಂಡಿದ್ದ. ವಾಜ್ ಬರುವ ಹೊತ್ತಿಗೆ ಆಳುತ್ತಿದ್ದವಳು ಕೆಳದಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು ಅಂತ ನಾವೆಲ್ಲ ಸ್ಕೂಲಲ್ಲಿ ಓದಿದ್ದೀವಲ್ಲ, ಅದೇ ಚೆನ್ನಮ್ಮ. ಅವಳ ರಾಜ್ಯದಲ್ಲಿ ಈ ಮನುಷ್ಯ ಮೂರು ವರ್ಷ ಊರೂರು ತಿರುಗಿದ. ಕತ್ತಿ ಎಲ್ಲಿಂದ ಬಂತು?

ಬಂದಿದ್ದು ಯಾಕೆ ಅಂತ ಗೊತ್ತಾ? ಇಲ್ಲಿ ಆಗಲೇ ಇದ್ದ ಕ್ರೈಸ್ತರನ್ನ ನೋಡಿಕೊಳ್ಳೋಕೆ, ಮತ್ತು ಒಂದು ಜಗಳ ಬಿಡಿಸೋಕೆ. ಆಗ ಇಲ್ಲಿನ ಇಗರ್ಜಿಗಳು ತನ್ನ ಅಧೀನ ಅಂತ ಗೋವಾದ ಆರ್ಚ್‌ಬಿಷಪ್ಪು, ಅಲ್ಲ ನನ್ನದು ಅಂತ ರೋಮಿನಿಂದ ನೇಮಕವಾಗಿ ಮಂಗಳೂರಲ್ಲಿದ್ದ ಬಿಷಪ್ ತೋಮಸ್ ದೆ ಕಾಸ್ತ್ರೊ. ಇವನೂ ಗೋವಾದವನೇ. ಒಬ್ಬ ಕೊಟ್ಟ ಸಂಸ್ಕಾರ ಇನ್ನೊಬ್ಬ ಒಪ್ಪಲ್ಲ. ಎರಡು ಮ್ಯಾನೇಜರ್ ಇರೋ ಪ್ರಾಜೆಕ್ಟಲ್ಲಿ ಕೆಲಸ ಮಾಡಿದವರಿಗೆ ಇದು ಅರ್ಥ ಆಗುತ್ತೆ :) ವಾಜ್ ಗೋವಾದ ಕಡೆಯಿಂದ ಬಂದವನಾದರೂ ಇನ್ನೊಂದು ಕಡೆಯವರನ್ನ ಹಳಿಯದೆ ರಾಜಿಗೆ ಹೆಣಗಿದ. 1684ರಲ್ಲಿ ಗೋವಾಕ್ಕೆ ವಾಪಸ್ ಹೋದ.

ಅಂದ ಮಾತ್ರಕ್ಕೆ ಪೋರ್ಚುಗೀಸರು ಸಾಧುಗಳು ಅಂತ ನಾನು ಹೇಳ್ತಾ ಇಲ್ಲ. ಗೋವಾಕ್ಕೆ ಇನ್‌ಕ್ವಿಸಿಷನ್ ಕಳಿಸಿ ಅಂತ 1546ರಲ್ಲೇ ರಾಜನಿಗೆ ಪತ್ರ ಬರೆದವನು ಸಂತ ಫ್ರಾನ್ಸಿಸ್ ಜೇವಿಯರ್. ಅದು ಶುರುವಾಗಿದ್ದು 1560ರಲ್ಲಿ, ಪೂರ್ತಿ ಮುಚ್ಚಿದ್ದು 1812ರಲ್ಲಿ. ಅದರ ಕ್ರೌರ್ಯ ಸುಳ್ಳಲ್ಲ, ಅದನ್ನ ಮರೆಮಾಚುವವರ ಜೊತೆ ನಾನಿಲ್ಲ. ಆದರೆ ಒಬ್ಬನ ಲೆಕ್ಕ ಇನ್ನೊಬ್ಬನ ಖಾತೆಗೆ ಬರೆಯೋದು ಯಾವ ನ್ಯಾಯ? ಜೇವಿಯರ್ ಬಗ್ಗೆ ಕೋಪ ಇದ್ದರೆ ಜೇವಿಯರ್ ಬಗ್ಗೆ ಬರಿ.

ವಾಜ್ ಮತಾಂತರ ಮಾಡಿದನಾ? ಮಾಡಿದ. ಸಿಲೋನಿನಲ್ಲಿ ಸಾವಿರಾರು ಜನರನ್ನ ಮಾಡಿದ. ಮಿಷನರಿ ಅಂದ ಮೇಲೆ ಮಾಡೋದೇ ಅದು, ಅದನ್ನ ಮುಚ್ಚಿಡೋದು ಬೇಡ. ಮತಾಂತರವೇ ತಪ್ಪು ಅನ್ನೋದು ನಿನ್ನ ನಿಲುವಾದರೆ ಅದನ್ನ ಹೇಳು, ಕೂತು ವಾದ ಮಾಡೋಣ. ಆದರೆ 'ಬಲವಂತ' ಅಂತ ಹೇಳುವ ಮೊದಲು ಬಲ ಯಾರ ಹತ್ತಿರ ಇತ್ತು ಅಂತ ನೋಡು. 1658ರ ಹೊತ್ತಿಗೆ ಪೋರ್ಚುಗೀಸರು ಸಿಲೋನ್ ಬಿಟ್ಟು ಓಡಿದ್ದರು. ಕರಾವಳಿ ಡಚ್ಚರ ಕೈಲಿತ್ತು. ಅವರೂ ಕ್ರೈಸ್ತರೇ, ಆದರೆ ಪ್ರಾಟೆಸ್ಟೆಂಟರು, ಕ್ಯಾಥೊಲಿಕ್ ಪಾದ್ರಿಗಳನ್ನ ಕಂಡರೆ ಆಗದು. 1687ರಲ್ಲಿ ವಾಜ್ ಜಾಫ್ನಾಕ್ಕೆ ಕಾಲಿಟ್ಟಿದ್ದು ಕೂಲಿಯವನ ವೇಷದಲ್ಲಿ, ಆಮಶಂಕೆಯಿಂದ ಸಾಯುವ ಹಾಗಾಗಿ. ವರ್ಷಗಟ್ಟಲೆ ರಾತ್ರಿ ಹೊತ್ತು ಕದ್ದು ಪೂಜೆ. ಹಿಂದೆ ರಾಜ ಇಲ್ಲ, ಸೈನ್ಯ ಇಲ್ಲ, ದುಡ್ಡಿಲ್ಲ.

ಇನ್ನೊಂದು ತಮಾಷೆ ಕೇಳಿ. 1692ರಲ್ಲಿ ಈತ ಒಳನಾಡಿನ ಕ್ಯಾಂಡಿಗೆ ಹೋದಾಗ ಅಲ್ಲಿನ ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯ ಹಿಡಿದು ಬಂಧನದಲ್ಲಿಟ್ಟ. ಆರೋಪ ಏನು? ಪೋರ್ಚುಗೀಸರ ಗೂಢಚಾರ! ನಮ್ಮ ವಾಟ್ಸಪ್ ಫಾರ್ವರ್ಡಿನ ಆರೋಪ ಮುನ್ನೂರು ವರ್ಷಕ್ಕೂ ಹಳೇದು ಸ್ವಾಮಿ. ವ್ಯತ್ಯಾಸ ಇಷ್ಟೇ, ಆ ರಾಜ ಮನುಷ್ಯನನ್ನ ಗಮನಿಸಿ ನೋಡಿದ, ಗೂಢಚಾರ ಅಲ್ಲ ಅಂತ ತಿಳಿದ, ಬಿಟ್ಟ. ಆಮೇಲೆ ಆಶ್ರಯವನ್ನೂ ಕೊಟ್ಟ. ನಾವು ನೋಡೋ ಗೋಜಿಗೇ ಹೋಗಲ್ಲ.

ಈಗ ಗೆಳೆಯನಿಗೆ. ನಿನ್ನ ಮೇಲೂ ಸಿಟ್ಟಿದೆ ಕಣೋ.

ಇಷ್ಟೆಲ್ಲ ಇಟ್ಟುಕೊಂಡು ನೀನು ಹೇಳಿದ್ದು ಚಿಲುಮೆ ಮತ್ತು ಮಳೆ! ಮುಡಿಪಿನ ಕತೆ ನನಗೂ ಗೊತ್ತು, ಹೈಸ್ಕೂಲಲ್ಲಿ ನಿಮ್ಮಮ್ಮ ಹೇಳಿದ್ದರು. ಕೊಲ್ಲಬೇಕು ಅಂತ ಯಾರೋ ರಾತ್ರಿ ಗುಡ್ಡಕ್ಕೆ ಕರೆಸಿದರು, ಅಲ್ಲಿ ಬೆಳಕು ಮೂಡಿತು, ನೀರು ಚಿಮ್ಮಿತು. ಮಳೆ ಕತೆಯೂ ಗೊತ್ತು. ಕ್ಯಾಂಡಿಯಲ್ಲಿ ಬರ ಬಂದು ಈತ ಪ್ರಾರ್ಥನೆ ಮಾಡಿದಾಗ ಸುತ್ತ ಎಲ್ಲ ಮಳೆ, ಈತ ಮಾತ್ರ ನೆನೆಯಲಿಲ್ಲ. ಕಡೂರಿನ ಬಯಲುಸೀಮೆಯವರಿಗೆ ಮಳೆ ಪವಾಡ ಅಂದರೆ ಕಿವಿ ನೆಟ್ಟಗಾಗುತ್ತೆ, ಒಪ್ಪಿದೆ. ನಂಬಬೇಡ ಅಂತ ಹೇಳೋಕೆ ನಾನ್ಯಾರು? ನಮ್ಮಜ್ಜಿ ಅಂತರಘಟ್ಟಮ್ಮನಿಗೆ ಹರಕೆ ಹೊತ್ತೇ ನನ್ನನ್ನ ಇಂಜಿನಿಯರಿಂಗ್ ಪಾಸು ಮಾಡಿಸಿದ್ದು ಅಂತ ಇವತ್ತಿಗೂ ಹೇಳ್ತಾಳೆ. ನಾನು ಇಲ್ಲ ಅನ್ನಲ್ಲ, ಗಾಡಿ ಓಟ ನೋಡೋಕೆ ಜಾತ್ರೆಗೂ ಹೋಗ್ತೀನಿ.

ಆದರೆ ನಿಮ್ಮ ಪೋಪ್ ಫ್ರಾನ್ಸಿಸ್ ಅವರೇ ಪವಾಡದ ಲೆಕ್ಕ ಬದಿಗಿಟ್ಟರು, ಗೊತ್ತಾ? ಸಂತ ಪದವಿಗೆ ಸಾಮಾನ್ಯವಾಗಿ ಎರಡನೇ ಪವಾಡ ರುಜುವಾತಾಗಬೇಕು. 1995ರ ಜನವರಿಯಲ್ಲಿ ಎರಡನೇ ಜಾನ್ ಪಾಲ್ ಕೊಲಂಬೊದಲ್ಲಿ 'ಧನ್ಯ' ಅಂತ ಘೋಷಿಸಿದ ಮೇಲೆ ಇಪ್ಪತ್ತು ವರ್ಷ ಫೈಲು ಅಲ್ಲೇ ಇತ್ತು. ಫ್ರಾನ್ಸಿಸ್ ಆ ನಿಯಮ ಸಡಿಲಿಸಿ 2015ರ ಜನವರಿ 14ರಂದು, ನಮಗೆಲ್ಲ ಸಂಕ್ರಾಂತಿ ಗಡಿಬಿಡಿಯ ಹೊತ್ತಲ್ಲಿ, ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಸಂತ ಅಂತ ಸಾರಿದರು. ಬದುಕೇ ಸಾಕು ಅಂತ ತಾನೇ ಅದರ ಅರ್ಥ?

ಆ ಬದುಕಿನಲ್ಲಿ ನಾನು ಕೈಮುಗಿಯೋದು ಒಂದು ವರ್ಷಕ್ಕೆ. 1697. ಕ್ಯಾಂಡಿಗೆ ಸಿಡುಬು ಬಂತು. ಸಿಡುಬು ಅಂದರೆ ನಮ್ಮ ಕಡೆ 'ಅಮ್ಮ ಬಂದಿದ್ದಾಳೆ' ಅಂತಿದ್ದರಲ್ಲ, ಅದು. ರಾಜ ಊರು ಬಿಟ್ಟ. ಉಳ್ಳವರು ಊರು ಬಿಟ್ಟರು. ಮನೆಯವರೇ ರೋಗಿಗಳನ್ನ ಕಾಡಿಗೆ ಬಿಟ್ಟು ಬಂದರು. ಉಳಿದವನು ವಾಜ್, ಜೊತೆಗೆ ಸಂಬಂಧಿಕನಾದ ಪಾದ್ರಿ ಜೋಸೆಫ್ ಕರ್ವಾಲೊ. ಇಬ್ಬರೂ ಗುಡಿಸಲು ಹಾಕಿ, ಗಂಜಿ ಕುಡಿಸಿ, ಹುಣ್ಣು ತೊಳೆದು, ಸತ್ತವರನ್ನ ಹೂತರು. ಹಣೆಯಲ್ಲಿ ಯಾವ ಧರ್ಮ ಅಂತ ನೋಡಲಿಲ್ಲ. ಹೆಚ್ಚಿನವರು ಬೌದ್ಧರೇ. ರಾಜ ವಾಪಸ್ ಬಂದ ಮೇಲೆ ಈತ ಎಲ್ಲಿ ಬೇಕಾದರೂ ಓಡಾಡಬಹುದು ಅಂದ. ಮಳೆಯಲ್ಲಿ ನೆನೆಯದೆ ಉಳಿದದ್ದಕ್ಕಿಂತ ಇದು ದೊಡ್ಡದಲ್ಲವಾ?

ನಮಗಿದು ಪುಸ್ತಕದ ವಿಷಯ ಅಲ್ಲ. 2020ರಲ್ಲಿ ಬೆಂಗಳೂರಿಂದ ಬಂದವರು ಊರೊಳಗೆ ಬರಬಾರದು ಅಂತ ರಸ್ತೆಗೆ ಮುಳ್ಳು ಹಾಕಿದ್ದನ್ನ ನಾವು ನೋಡಿದ್ದೀವಿ. 2021ರ ಮೇ ತಿಂಗಳಲ್ಲಿ ಅಜ್ಜಂಪುರದಲ್ಲಿ ನಮ್ಮ ಮಾವನಿಗೆ ಉಸಿರು ಕಟ್ಟಿದಾಗ ಪಕ್ಕದ ಮನೆಯ ಬಾಗಿಲು ಮುಚ್ಚಿತ್ತು. ನಾನು ಬೆಂಗಳೂರಲ್ಲಿ ಲಾಗಿನ್ ಆಗಿ ಕೂತಿದ್ದೆ. ತರೀಕೆರೆಯಿಂದ ಓಮ್ನಿ ತಗೊಂಡು ಬಂದವನು ಗುಂಪು ಬಿಟ್ಟು ಹೋದ ಇದೇ ಗೆಳೆಯ. ಬೆಡ್ ಸಿಗುವ ತನಕ ರಾತ್ರಿಯಿಡೀ ತರೀಕೆರೆ, ಶಿವಮೊಗ್ಗ ಅಂತ ಸುತ್ತಿದ. ಮಾವ ಉಳಿದರು. ಗೆಳೆಯನಿಗೆ ವಾರ ಬಿಟ್ಟು ಜ್ವರ ಬಂತು. ಗುಂಪಿನಲ್ಲಿ ಇಮೋಜಿ ಹಾಕಿದವರಲ್ಲಿ ಇದು ಗೊತ್ತಿದ್ದವರೂ ಇದ್ದರು.

ಇನ್ನೊಂದು ಮಾತು, ಭಕ್ತರಿಗೆ ಕಹಿಯಾಗಬಹುದು. ವಾಜ್ 1685ರಲ್ಲಿ ಸೇರಿಕೊಂಡಿದ್ದು ಗೋವಾದ ಒರಟೋರಿಯನ್ ಸಂಘಕ್ಕೆ. ಯುರೋಪಿನ ಸಂಘಗಳು ದೇಶೀಯ ಪಾದ್ರಿಗಳನ್ನ ತಮ್ಮ ಸಮಕ್ಕೆ ಕೂರಿಸಿಕೊಳ್ಳದ ಕಾಲದಲ್ಲಿ ಅದು ಇಲ್ಲಿನವರೇ ಕಟ್ಟಿಕೊಂಡದ್ದು. ಹೆಮ್ಮೆಯ ವಿಷಯ. ಆದರೆ ಅದರ ಬಾಗಿಲು ತೆರೆದಿದ್ದು ಬ್ರಾಹ್ಮಣ ಮೂಲದ ಕ್ರೈಸ್ತರಿಗೆ ಮಾತ್ರ! ಬಿಳಿಯರು ಮುಚ್ಚಿದ ಬಾಗಿಲ ಮುಂದೆ ನಿಂತು ಅತ್ತವರು ತಮ್ಮ ಮನೆ ಕಟ್ಟಿದಾಗ ಇನ್ನೊಬ್ಬರಿಗೆ ಬಾಗಿಲು ಮುಚ್ಚಿದರು. ಜಪಮಾಲೆ ಬದಲಾಯಿತು, ಜಾತಿ ಬದಲಾಗಲಿಲ್ಲ. 'ನಮ್ಮ ಸಂತ ಮೂಲದಲ್ಲಿ ಬ್ರಾಹ್ಮಣ' ಅಂತ ಇವತ್ತಿಗೂ ಎದೆಯುಬ್ಬಿಸಿ ಹೇಳುವವರು ಸಿಗ್ತಾರೆ. ಸಂತನನ್ನ ಪ್ರೀತಿಸುವವರು ಇದನ್ನೂ ಗಟ್ಟಿಯಾಗಿ ಹೇಳಬೇಕು. ನೀವು ಹೇಳದಿದ್ದರೆ ಫಾರ್ವರ್ಡ್‌ನವರು ಹೇಳ್ತಾರೆ, ಅರ್ಧಂಬರ್ಧ, ಬಣ್ಣ ಬಳಿದು.

ಇದೇನು ಕ್ರೈಸ್ತರ ರೋಗ ಮಾತ್ರನಾ? ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ. ನಾವು ಅವನ ಹೆಸರಲ್ಲಿ ಮೆರವಣಿಗೆ ಮಾಡ್ತೀವಿ, ಕೆರೆಗೆ ಕಸ ಸುರೀತೀವಿ. ಬೆಳಗ್ಗೆ ಎದ್ದು ಬಾಬಾಬುಡನ್ ತಂದ ಅಂತ ಹೇಳುವ ಕಾಫಿ ಕುಡೀತೀವಿ, ಆಮೇಲೆ ಅವರ ಗಿರಿಯ ಹೆಸರು ಹೇಳಿ ಜಗಳ ಆಡ್ತೀವಿ. ಸಂತರನ್ನ ಪೀಠಕ್ಕೆ ಏರಿಸೋದೂ ಸುಲಭ, ಬೈಯೋದೂ ಸುಲಭ. ಅವರು ಏನು ಮಾಡಿದರು ಅಂತ ಓದೋದು ಕಷ್ಟ. ಓದಿದರೆ ಅದರಲ್ಲಿ ಸ್ವಲ್ಪವಾದರೂ ಮಾಡಬೇಕಾಗುತ್ತೆ ಅನ್ನೋ ಭಯ ಇರಬೇಕು.

ನಿನ್ನೆ ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ. ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿದೆ. ಕೆಳದಿ, ಕ್ಯಾಂಡಿ, ಸಿಡುಬು, ಒರಟೋರಿಯನ್ನು, ಎಲ್ಲ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ಅಂದ, "ಎಲ್ಲ ಸರಿ ಕಣೋ. ಇದನ್ನ ಅವತ್ತು ಗುಂಪಲ್ಲೇ ಹೇಳಬಹುದಿತ್ತಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟು ಅಂತ ಶುರು ಮಾಡಿದೆನಲ್ಲ, ಅದರಲ್ಲಿ ಅರ್ಧ ನನ್ನ ಮೇಲೇ ಇತ್ತು ಅಂತ ಆಗ ಗೊತ್ತಾಯ್ತು.

ಗುಂಪಿಗೆ ಈ ಬರಹದ ಲಿಂಕ್ ಇವತ್ತೇ ಹಾಕ್ತಾ ಇದ್ದೀನಿ. ಬೈಯುವವರು ಬೈಯಿರಿ, ಬೇಜಾರಿಲ್ಲ. ಓದಿ ಬೈಯಿರಿ, ಅಷ್ಟೇ.