ಮಲ್ಲೇಶ್ವರಕ್ಕೆ ಅಂಟಿದ ‘ಅಂ’ ಯಾರದು?



ಮೆಜೆಸ್ಟಿಕ್‌ನಲ್ಲಿ ನಿಂತು ಆಟೋ ಕರೆಯುವಾಗ ನಿಮ್ಮ ಬಾಯಲ್ಲಿ ಬರುವ ಮಾತು ಯಾವುದು? ‘ಮಲ್ಲೇಶ್ವರಂ ಬರ್ತೀರಾ?’ ಎಂದೇ ಅಲ್ಲವೇ? ಕೇಳುವ ನೀವು ಕನ್ನಡಿಗರು. ಆಟೋದವನೂ ಕನ್ನಡಿಗ, ಗಾಜಿನ ಮೇಲೆ ಅರಿಶಿನ ಕುಂಕುಮದ ಬಾವುಟ ಅಂಟಿಸಿಕೊಂಡವನು. ಇಬ್ಬರ ನಡುವೆ ಈ ‘ಅಂ’ ಎಲ್ಲಿಂದ ಬಂದು ಕೂತಿತು?

ಅಲ್ಲಿರುವ ದೇವರು ಕಾಡು ಮಲ್ಲೇಶ್ವರ. ‘ಕಾಡು ಮಲ್ಲೇಶ್ವರಂ’ ಎಂದು ಅವನಿಗೆ ಕೈ ಮುಗಿದವರನ್ನು ನಾವಂತೂ ಕಂಡಿಲ್ಲ. ಕನ್ನಡದಲ್ಲಿ ನಗರ ನಗರವೇ, ಪುರ ಪುರವೇ. ಅದಕ್ಕೆ ‘ಅಂ’ ಹಚ್ಚುವುದು ತಮಿಳು, ತೆಲುಗಿನವರ ಪದ್ಧತಿ. ಅವರ ಭಾಷೆಯಲ್ಲಿ ಅದು ಚೆಂದವೇ. ಅವರ ಮೇಲೆ ನಮಗೇನೂ ಸಿಟ್ಟಿಲ್ಲ. ಸಿಟ್ಟು ಬರುವುದು, ಶೇಷಾದ್ರಿಪುರವನ್ನು ಶೇಷಾದ್ರಿಪುರಂ ಮಾಡಿ, ಕೃಷ್ಣರಾಜಪುರವನ್ನು ಕೆ.ಆರ್. ಪುರಂ ಮಾಡಿ, ಹಾಗೆ ಹೇಳಿದರೇ ಗತ್ತು ಎಂದುಕೊಂಡ ನಮ್ಮದೇ ನಾಲಗೆಯ ಮೇಲೆ.

‘ಸಿರಿಗನ್ನಡಂ ಗೆಲ್ಗೆ ಎನ್ನುವಾಗ ಅಂ ಇಲ್ಲವೇ?’ ಎಂದು ಕೇಳುವ ಬುದ್ಧಿವಂತರು ಇದ್ದೇ ಇದ್ದಾರೆ. ಇದೆ ಸ್ವಾಮಿ, ಅದು ಹಳಗನ್ನಡದ ‘ಅಂ’. ಆ ಲೆಕ್ಕಕ್ಕೆ ಜಯನಗರವನ್ನು ಜಯನಗರಂ ಎನ್ನಬೇಕಿತ್ತು, ರಾಜಾಜಿನಗರವನ್ನು ರಾಜಾಜಿನಗರಂ ಎನ್ನಬೇಕಿತ್ತು. ಅಲ್ಲಿ ಪಂಪನ ನೆನಪು ಬರಲಿಲ್ಲವಲ್ಲ!

ಈ ಊರಿನ ಹಳೆಯ ಕತೆ ಸ್ವಲ್ಪ ಕೇಳಿ. ಇಂದು ಇಲ್ಲಿ ಒಂದು ನಿವೇಶನ ಕೊಳ್ಳಲು ಕೋಟಿ ಕೋಟಿ ಎಣಿಸಬೇಕು. ಆದರೆ 1669ರಲ್ಲಿ ಇದು ಮಲ್ಲಪುರ ಎಂಬ ಹಳ್ಳಿ. ಬೆಂಗಳೂರು ಆಗ ಮರಾಠರ ಕೈಯಲ್ಲಿತ್ತು. ಶಹಾಜಿಯ ಮಗ, ಶಿವಾಜಿಯ ಮಲತಮ್ಮ ಏಕೋಜಿ ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಒಂದು ಹಳ್ಳಿಯನ್ನು ದಾನ ಕೊಟ್ಟ. ಶಾಸನದಲ್ಲಿರುವ ಆ ಹಳ್ಳಿಯ ಹೆಸರು ಮೇದರನಿಂಗನಹಳ್ಳಿ.

ಒಮ್ಮೆ ಬಾಯಿ ತುಂಬ ಹೇಳಿ ನೋಡಿ. ಮೇದರ ನಿಂಗನ ಹಳ್ಳಿ. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವ ಮೇದರ ಕುಲ; ಅದರಲ್ಲೊಬ್ಬ ನಿಂಗ. ರಾಜನಲ್ಲ, ದಿವಾನನಲ್ಲ, ಬುಟ್ಟಿ ಹೆಣೆಯುವವರ ನಿಂಗ! ಅವನ ಹೆಸರಿನಲ್ಲಿ ಒಂದು ಊರು. ಕೊಟ್ಟವನು ಮರಾಠಿ ಮನೆತನದ ದೊರೆ. ಆದರೂ ಊರಿನ ಹೆಸರನ್ನು ಅವನು ಮುಟ್ಟಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಕಲ್ಲಿಗೆ ಹಾಕಿಸಿದ. ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸುಪಾಸೇ ಆ ಹಳ್ಳಿ ಎಂದು ಇತಿಹಾಸ ಬಲ್ಲವರು ಗುರುತಿಸುತ್ತಾರೆ. ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಜಾಗ ಕೊಟ್ಟಿದ್ದು ನಮ್ಮ ಮೈಸೂರು ಸಂಸ್ಥಾನ. ಬಸ್ಸಿನಲ್ಲಿ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಟಿಕೆಟ್ ಕೇಳುತ್ತೇವೆ. ಟಾಟಾ ದೊಡ್ಡವರು, ಅವರ ಹೆಸರು ಉಳಿಯಲಿ. ನಿಂಗನ ಹೆಸರಿಗೆ ಒಂದು ಬಸ್ ನಿಲ್ದಾಣವಾದರೂ ಬೇಡವೇ?

1898ರ ಪ್ಲೇಗಿನಲ್ಲಿ ಪೇಟೆ ಬಿಟ್ಟು ಓಡಿದ ಜನ ಹೊಸ ಬಡಾವಣೆಗಳಲ್ಲಿ ನೆಲೆಸಿದರು. ಮಲ್ಲೇಶ್ವರ ತುಂಬಿತು. ಅಡ್ಡರಸ್ತೆಗಳಿಗೆ ಅಂಕಿ ಬಂತು, ಉದ್ದ ರಸ್ತೆಗಳಿಗೆ ಮರದ ಹೆಸರು ಬಂತು. ಒಂದು ಸಂಪಿಗೆ ರಸ್ತೆ, ಪಕ್ಕದ್ದು ಮಾರ್ಗೋಸಾ ರಸ್ತೆ. ಬೆಣ್ಣೆ ಮಸಾಲೆಗೆಂದು ಅಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುತ್ತೀರಲ್ಲ, ಮಾರ್ಗೋಸಾ ಎಂದರೇನು ಎಂದು ಯಾವತ್ತಾದರೂ ಕೇಳಿಕೊಂಡಿದ್ದೀರಾ? ಬೇವು! ನಮ್ಮ ಯುಗಾದಿಯ ಬೇವು! ಪೋರ್ಚುಗೀಸರು ಕಹಿ ಎನ್ನುವುದಕ್ಕೆ ಹೇಳುವ ಮಾತಿನಿಂದ ಇಂಗ್ಲಿಷಿಗೆ ಹೋದ ಪದ ಅದು. ಸಂಪಿಗೆ ಕನ್ನಡದಲ್ಲೇ ಉಳಿಯಿತು, ಬೇವು ಮಾತ್ರ ಹಡಗು ಹತ್ತಿ ವೇಷ ಬದಲಿಸಿಕೊಂಡು ಬಂತು. ಬೇವಿನ ರಸ್ತೆ ಎಂದರೆ ದೋಸೆ ಕಹಿಯಾಗುತ್ತದೆಯೇ?

ಸಂಪಿಗೆಯಾದರೂ ಸುಖವಾಗಿದೆಯೇ ಎಂದರೆ, ಮೆಟ್ರೋ ನಿಲ್ದಾಣದ ಫಲಕ ನೋಡಿ. ಮಾಲ್ ಹೆಸರು ಮುಂದೆ, ಸಂಪಿಗೆ ರಸ್ತೆ ಹಿಂದೆ. ಆಚೆಗೆ ಸ್ಯಾಂಕಿ ಕೆರೆ. 1882ರಲ್ಲಿ ದಂಡಿನ ಪ್ರದೇಶದ ನೀರಿಗೆಂದು ಕರ್ನಲ್ ಸ್ಯಾಂಕಿ ಕಟ್ಟಿಸಿದ್ದು, ನಿಜ. ಹತ್ತಿರದಲ್ಲೇ ಸರಕಾರದ ಶ್ರೀಗಂಧದ ಕೋಠಿ ಇತ್ತು. ಅದಕ್ಕೆ ನಮ್ಮ ಜನ ಇಟ್ಟ ಹೆಸರು ಗಂಧದಕೋಠಿ ಕೆರೆ. ಸಾಹೇಬ ಉಳಿದ, ಗಂಧ ಹೋಯಿತು.

ಇನ್ನು ನೀರಿನ ಮಾತು. ಮಲ್ಲೇಶ್ವರ ಒಂದು ಹೊಳೆಯ ಊರು ಎಂದರೆ ನಗುತ್ತೀರಿ. ವೃಷಭಾವತಿಯ ಹೆಸರು ಕೇಳಿದ್ದೀರಾ? ವೃಷಭ ಎಂದರೆ ಬಸವ. ಅವಳು ಹುಟ್ಟಿದ್ದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎನ್ನುವವರಿದ್ದಾರೆ. ಮಲ್ಲೇಶ್ವರದವರು ಬಿಟ್ಟುಕೊಡುತ್ತಾರೆಯೇ? ನಮ್ಮ ನಂದಿತೀರ್ಥದಲ್ಲಿ ಎನ್ನುತ್ತಾರೆ. ಮಣ್ಣಿನಡಿ ಹೂತುಹೋಗಿದ್ದ ಆ ತೀರ್ಥವನ್ನು 1997ರಲ್ಲಿ ಅಗೆದು ತೆಗೆದರು. ನಂದಿಯ ಬಾಯಿಂದ ನೀರು ಇಂದಿಗೂ ಲಿಂಗದ ಮೇಲೆ ಬೀಳುತ್ತಿದೆ. ಜಗಳ ಬೇಡ, ಎರಡೂ ಕಡೆ ಬಸವನೇ ಇದ್ದಾನೆ.

ಅದೇ ವೃಷಭಾವತಿ ಮೈಸೂರು ರಸ್ತೆ ಸೇರುವ ಹೊತ್ತಿಗೆ ಏನಾಗಿದ್ದಾಳೆ? ಮೂಗು ಮುಚ್ಚಿಕೊಂಡು ‘ಮೋರಿ’ ಎನ್ನುತ್ತೇವೆ. ಆ ಮೋರಿ ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ತುಂಬಿ, ಅರ್ಕಾವತಿಗೆ ಸೇರಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯಾಗುತ್ತದೆ. ಕಾವೇರಿಗಾಗಿ ಬೀದಿಗಿಳಿದವರು ನಾವು, ಲಾಠಿ ಏಟು ತಿಂದವರು ನಾವು. ಅದೇ ಕಾವೇರಿಗೆ ಸೇರುವ ಹೊಳೆಯ ಹೆಸರು ನಮಗೇ ಗೊತ್ತಿಲ್ಲ! ಹೊಳೆ ಎಂದು ಕರೆಯುತ್ತಿದ್ದರೆ ಅದಕ್ಕೆ ಕೊಳಚೆ ಬಿಡುವಾಗ ಯಾರದಾದರೂ ಕೈ ತಡೆಯುತ್ತಿತ್ತು. ಮೋರಿ ಎಂದ ಮೇಲೆ ಯಾರಿಗೆ ಅಂಜಿಕೆ?

2014ರ ನವೆಂಬರ್ 1ರಂದು ಬ್ಯಾಂಗಲೂರು ಬೆಂಗಳೂರಾಯಿತು, ಪಟಾಕಿ ಹೊಡೆದೆವು. 2024ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ಅಂಗಡಿ ಫಲಕದಲ್ಲಿ ಶೇಕಡಾ 60 ಕನ್ನಡ ಕಡ್ಡಾಯವಾಯಿತು. ಅದಕ್ಕೂ ಹೋರಾಡಿದ್ದೇವೆ, ಪಶ್ಚಾತ್ತಾಪವಿಲ್ಲ. ಆದರೆ ‘ಮಾರ್ಗೋಸಾ ರೋಡ್, ಮಲ್ಲೇಶ್ವರಂ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದರೂ ಕಾಯಿದೆಯ ಪ್ರಕಾರ ಅದು ಕನ್ನಡ ಫಲಕವೇ. ಲಿಪಿಗೆ ಕಾಯಿದೆಯಿದೆ, ನಾಲಗೆಗೆ ಕಾಯಿದೆಯಿಲ್ಲ. ಅದು ನಿಮ್ಮ ಕೈಲಿರುವ ಕೆಲಸ, ಇವತ್ತಿನ ಆಟೋದಿಂದಲೇ ಶುರುಮಾಡಬಹುದಾದ ಕೆಲಸ. ‘ಮಲ್ಲೇಶ್ವರ ಬರ್ತೀರಾ?’ ಎಂದು ಕೇಳಿ. ಆಟೋದವನು ಬರುತ್ತಾನೆ, ಮೀಟರ್ ಹಾಕುತ್ತಾನೋ ಇಲ್ಲವೋ ಅದು ಬೇರೆ ಮಾತು.

ಹಾಗೆಯೇ ಇನ್ನೊಂದು ಕೆಲಸ. ನಿಮ್ಮ ಬಡಾವಣೆ ಎದ್ದದ್ದೂ ಯಾವುದೋ ಹಳ್ಳಿಯ ಹೊಲದ ಮೇಲೆ. ಮನೆಯ ಹಳೆಯ ಕ್ರಯಪತ್ರ ತೆಗೆದು ಸರ್ವೆ ನಂಬರಿನ ಪಕ್ಕ ನೋಡಿ. ಹಳ್ಳಿಯ ಹೆಸರು ಅಲ್ಲೇ ಇರುತ್ತದೆ. ಸಿಗದಿದ್ದರೆ ಬೀದಿಯ ಹಿರಿಯಜ್ಜಿಯನ್ನು ಕೇಳಿ. ಸಿಕ್ಕ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು ನಮಗೆ ಹಾಕಿ. ಎಷ್ಟೇ ಬಂದರೂ ಮುಂದಿನ ಸಂಚಿಕೆಯಿಂದ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಮೊದಲ ಹೆಸರು ಮೇದರನಿಂಗನಹಳ್ಳಿ, ಅದನ್ನು ನಾವೇ ಬರೆದಿಟ್ಟಿದ್ದೇವೆ.